ನೆಲ, ನಾಲಗೆ, ಅಚ್ಚುಮೊಳೆ: ದಕ್ಷಿಣ ಆಫ್ರಿಕಾದ ಬರಹಗಾರರ ಬಗ್ಗೆ ಒಂದು ಮಾತು

(ವಿದ್ಯಾರ್ಥಿನಿಲಯದ ಗೆಳೆಯರು ಕರೆದಿದ್ದ ಸಭೆಯಲ್ಲಿ ಆಡಿದ ಮಾತುಗಳು. ಆಡಿದ ಹಾಗೆಯೇ ಬರೆದುಕೊಟ್ಟಿದ್ದೇವೆ. ಅಲ್ಲಲ್ಲಿ ಮಾತ್ರ ತಿದ್ದಿದ್ದೇವೆ.)



ಹೋದ ಸಭೆಯಲ್ಲಿ ಒಬ್ಬ ತಮ್ಮ ಎದ್ದು ನಿಂತು ಕೇಳಿದ: 'ಅಣ್ಣಾ, ಹಾಸ್ಟೆಲಿನ ಅನ್ನದಲ್ಲಿ ಹುಳ ಸಿಗ್ತಾವೆ. ಸ್ಕಾಲರ್‌ಶಿಪ್ಪು ಆರು ತಿಂಗಳಿಂದ ಬಂದಿಲ್ಲ. ನೀವು ನೋಡಿದ್ರೆ ಮುಂದಿನ ಸಲ ಆಫ್ರಿಕಾದ ಸಾಹಿತಿಗಳ ಬಗ್ಗೆ ಮಾತಾಡ್ತೀವಿ ಅಂತೀರಿ. ಅದರಿಂದ ನಮಗೇನು ಬಂತು?' ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ಬಸ್ಸಿನಲ್ಲಿ ಊರಿಗೆ ಹೋಗುವಾಗ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಅದು ನಗುವ ಪ್ರಶ್ನೆ ಅಲ್ಲ. ಆ ತಮ್ಮ ಇವತ್ತೂ ಬಂದಿದ್ದಾನೆ, ಹಿಂದಿನ ಸಾಲಿನಲ್ಲಿ ಕೂತಿದ್ದಾನೆ. ಇವತ್ತಿನ ಮಾತೆಲ್ಲ ಅವನಿಗೆ ಕೊಡುವ ಉತ್ತರ ಅಂತಲೇ ತಿಳಿದುಕೊಳ್ಳಿ.

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳಬೇಕು. ವಸಾಹತುಗಳಲ್ಲಿ ಎರಡು ಬಗೆ. ಇಂಡಿಯಾಕ್ಕೆ ಇಂಗ್ಲಿಷರು ಬಂದರು, ಆಳಿದರು, ದೋಚಿದರು, 1947ರಲ್ಲಿ ಗಂಟು ಕಟ್ಟಿಕೊಂಡು ಹೋದರು. ಇದು ಒಂದು ಬಗೆ. ಇನ್ನೊಂದು ಬಗೆಯಲ್ಲಿ ಬಂದವನು ಹೋಗುವುದಿಲ್ಲ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುತ್ತಾನೆ, ಬೇಲಿ ಹಾಕುತ್ತಾನೆ, ಮನೆ ಕಟ್ಟುತ್ತಾನೆ. ನಾಲ್ಕು ತಲೆಮಾರು ಕಳೆದ ಮೇಲೆ 'ಇದು ನನ್ನ ತಾತನ ಭೂಮಿ, ನೀನು ಯಾರು?' ಅಂತ ಆ ಮಣ್ಣಿನ ಮಗನನ್ನೇ ಕೇಳುತ್ತಾನೆ. ಇದು ನೆಲೆಯೂರಿದವರ ವಸಾಹತು. ಅಮೆರಿಕ, ಆಸ್ಟ್ರೇಲಿಯಾ, ಅಲ್ಜೀರಿಯಾ, ಕೀನ್ಯಾ, ಇವತ್ತು ಜಿಂಬಾಬ್ವೆ ಅನ್ನಿಸಿಕೊಂಡಿರುವ ರೊಡೇಶಿಯಾ, ಇವೆಲ್ಲ ಈ ಬಗೆಯವು. ಇವತ್ತು ನಾವು ದಕ್ಷಿಣ ಆಫ್ರಿಕಾ ಒಂದನ್ನೇ ತೆಗೆದುಕೊಳ್ಳುತ್ತೇವೆ.

ಇಂಥ ದೇಶದಲ್ಲಿ ಸಾಹಿತ್ಯ ಅಂದರೆ ಏನು? ಬರೀ ಕತೆ ಕವನ ಅಲ್ಲ. ಕದ್ದ ಮಾಲಿಗೆ ರಸೀದಿ ಬೇಕಲ್ಲ? ಆ ರಸೀದಿ ಬರೆಯುವ ಕೆಲಸವನ್ನೂ ಅಲ್ಲಿ ಸಾಹಿತ್ಯ ಮಾಡಿತು. ಆ ರಸೀದಿ ಸುಳ್ಳು ಅಂತ ಹೇಳುವ ಕೆಲಸವನ್ನೂ ಸಾಹಿತ್ಯವೇ ಮಾಡಿತು.

1652ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಯಾನ್ ವಾನ್ ರೀಬೀಕ್ ಎಂಬಾತ ಆಫ್ರಿಕಾದ ತುತ್ತತುದಿ ಕೇಪ್‌ನಲ್ಲಿ ಬಂದಿಳಿದ. ನಮ್ಮ ಕಡೆಗೆ ಬರುವ ಹಡಗುಗಳಿಗೆ ನೀರು, ತರಕಾರಿ, ಮಾಂಸ ಒದಗಿಸುವುದು ಅವನ ಕೆಲಸ. ಅಲ್ಲಿ ದನ ಮೇಯಿಸಿಕೊಂಡಿದ್ದವರು ಖೋಯಿ ಜನ. ಏಳು ವರ್ಷದಲ್ಲಿ ಜಗಳ ಶುರುವಾಯಿತು. 1660ರಲ್ಲಿ ರಾಜಿ ಮಾತುಕತೆಗೆ ಕೂತಾಗ ಖೋಯಿಗಳು ಏನು ಕೇಳಿದರು ಅಂತ ವಾನ್ ರೀಬೀಕ್ ತನ್ನ ದಿನಚರಿಯಲ್ಲಿ ತಾನೇ ಬರೆದಿಟ್ಟಿದ್ದಾನೆ. ನಾವು ನಿಮ್ಮ ಹಾಲೆಂಡಿಗೆ ಬಂದು ಹೀಗೇ ಮಾಡಿದರೆ ನೀವು ಬಿಡುತ್ತೀರಾ ಅಂತ ಕೇಳಿದರಂತೆ. ಯುದ್ಧದಲ್ಲಿ ಗೆದ್ದ ನೆಲ, ಕೊಡುವುದಿಲ್ಲ ಅಂತ ಇವನ ಉತ್ತರ. ಅದೇ ವರ್ಷ ಖೋಯಿಗಳ ದನ ಒಳಗೆ ಬಾರದ ಹಾಗೆ ಕಹಿ ಬಾದಾಮಿ ಗಿಡಗಳ ಬೇಲಿ ನೆಡಿಸಿದ. ಆ ಬೇಲಿಯ ತುಂಡು ಕೇಪ್‌ಟೌನಿನ ಕರ್ಸ್ಟನ್‌ಬಾಷ್ ಸಸ್ಯೋದ್ಯಾನದಲ್ಲಿ ಇನ್ನೂ ಉಳಿದಿದೆ.

ನೋಡಿ, ನೆಲ ಕಸಿದವನ ಮೊದಲ ಪುಸ್ತಕದಲ್ಲೇ ಕಳಕೊಂಡವನ ಪ್ರಶ್ನೆ ಇದೆ. ಆದರೆ ಮುಂದಿನ ಪುಸ್ತಕಗಳಲ್ಲಿ ಆ ಪ್ರಶ್ನೆ ಮಾಯವಾಗುತ್ತದೆ. ಆಮೇಲೆ ಬಂದ ಕಾದಂಬರಿ, ಪದ್ಯ, ಪಠ್ಯಪುಸ್ತಕಗಳಲ್ಲಿ ಖಾಲಿ ಬಯಲು, ಮೌನವಾದ ಬೆಟ್ಟ, ಒಂಟಿ ಬಿಳಿಯ ರೈತ. ಬಿಳಿಯರು ಬಂದಾಗ ಈ ನೆಲ ಬರಿದಾಗಿತ್ತು, ಕಪ್ಪು ಜನರೂ ಉತ್ತರದಿಂದ ಅದೇ ಹೊತ್ತಿಗೆ ಬಂದವರು ಅಂತ ವರ್ಣಭೇದದ ಸರ್ಕಾರ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿಸಿತು. ಆಲಿವ್ ಶ್ರೈನರ್ ಎಂಬ ಹೆಣ್ಣುಮಗಳು 1883ರಲ್ಲಿ ಗಂಡಸಿನ ಹೆಸರಿಟ್ಟುಕೊಂಡು 'ದ ಸ್ಟೋರಿ ಆಫ್ ಆನ್ ಆಫ್ರಿಕನ್ ಫಾರ್ಮ್' ಪ್ರಕಟಿಸಿದರು. ಒಳ್ಳೆಯ ಕಾದಂಬರಿ, ಹೆಣ್ಣಿನ ಸಂಕಟ ಅದರಲ್ಲಿ ಬೆಂಕಿಯ ಹಾಗಿದೆ. ಆದರೆ ಆ ಫಾರಂನಲ್ಲಿ ಕೆಲಸ ಮಾಡುವ ಕಪ್ಪು ಜನ ಬಾಗಿಲ ಆಚೆಗೇ ನಿಂತಿರುತ್ತಾರೆ. ಅವರಿಗೆ ಕತೆಯೇ ಇಲ್ಲ. ಇಂಥ ಬರವಣಿಗೆ ನಮಗೆ ಹೊಸದಲ್ಲ. ಹೊಲ ಇರುತ್ತದೆ, ಬೆಳೆ ಇರುತ್ತದೆ, ಉತ್ತವನು ಇರುವುದಿಲ್ಲ. ಈ ಖಾಲಿ ಬಯಲಿನ ಗೀಳಿನ ಬಗ್ಗೆ ಬಿಳಿಯರ ಪೈಕಿಯೇ ಜೆ. ಎಂ. ಕುಟ್ಸೀ 1988ರಲ್ಲಿ 'ವೈಟ್ ರೈಟಿಂಗ್' ಅಂತ ಒಂದು ಪುಸ್ತಕ ಬರೆದರು.

ಈಗ 1913ಕ್ಕೆ ಬರೋಣ. ಆ ವರ್ಷ ಜೂನ್‌ನಲ್ಲಿ ನೇಟಿವ್ಸ್ ಲ್ಯಾಂಡ್ ಆಕ್ಟ್ ಎಂಬ ಕಾಯಿದೆ ಬಂತು. ದೇಶದಲ್ಲಿ ಹೆಚ್ಚು ಪಾಲಿನವರಾಗಿದ್ದ ಕಪ್ಪು ಜನಕ್ಕೆ ನೂರಕ್ಕೆ ಸುಮಾರು 7 ಪಾಲು ನೆಲ. 1936ರಲ್ಲಿ ಅದನ್ನು ಸುಮಾರು 13ಕ್ಕೆ ಏರಿಸಿದರು. ಮಿಕ್ಕದ್ದರಲ್ಲಿ ಕಪ್ಪು ಮನುಷ್ಯ ನೆಲ ಕೊಳ್ಳುವ ಹಾಗಿಲ್ಲ, ಗೇಣಿಗೆ ಹಿಡಿಯುವ ಹಾಗಿಲ್ಲ. ಆರೆಂಜ್ ಫ್ರೀ ಸ್ಟೇಟ್ ಎಂಬ ಸೀಮೆಯಲ್ಲಿ ತಲತಲಾಂತರದಿಂದ ಪಾಲಿಗೆ ಸಾಗುವಳಿ ಮಾಡಿಕೊಂಡಿದ್ದವರಿಗೆ, ನಿಮ್ಮ ಎತ್ತುಗಳನ್ನೂ ದುಡಿಮೆಯನ್ನೂ ಯಜಮಾನನಿಗೆ ಒಪ್ಪಿಸಿ ಆಳಾಗಿ ಇರಿ, ಇಲ್ಲವಾದರೆ ಜಾಗ ಬಿಡಿ ಅಂದರು. ಕನಿಕರಪಟ್ಟು ಜಾಗ ಕೊಟ್ಟ ಬಿಳಿಯನಿಗೂ 100 ಪೌಂಡ್ ದಂಡ, ಇಲ್ಲವೇ ಆರು ತಿಂಗಳ ಜೈಲು. ಇದಕ್ಕೆ ನಮ್ಮ ಭಾಷೆಯಲ್ಲಿ ಒಂದೇ ಮಾತು: ಜೀತ.

ಆಗ ಸಾಲ್ ಪ್ಲಾಟ್ಯೆ ಎಂಬ ಒಬ್ಬ ಪತ್ರಕರ್ತ ಸೈಕಲ್ ಹತ್ತಿ ಹೊರಟ. 1876ರಲ್ಲಿ ಹುಟ್ಟಿದವನು. ಮಿಷನ್ ಶಾಲೆಯಲ್ಲಿ ಮೂರನೇ ತರಗತಿಯವರೆಗೆ ಕ್ರಮವಾಗಿ ಓದಿದವನು. ಕಿಂಬರ್ಲಿಯ ಅಂಚೆ ಕಚೇರಿಯಲ್ಲಿ ತಂತಿ ಹಂಚುತ್ತಿದ್ದ. ಮ್ಯಾಫೆಕಿಂಗ್ ಕೋರ್ಟಿನಲ್ಲಿ ದುಭಾಷಿಯಾಗಿದ್ದ. ಏಳೆಂಟು ಭಾಷೆ ಬಲ್ಲವನು. 1912ರಲ್ಲಿ ಶುರುವಾದ ಸೌತ್ ಆಫ್ರಿಕನ್ ನೇಟಿವ್ ನ್ಯಾಷನಲ್ ಕಾಂಗ್ರೆಸ್ಸಿನ ಮೊದಲ ಪ್ರಧಾನ ಕಾರ್ಯದರ್ಶಿ. ಮುಂದೆ ಎ.ಎನ್.ಸಿ. ಆದದ್ದು ಅದೇ. ಆ ಚಳಿಗಾಲದಲ್ಲಿ ಅವನು ರಸ್ತೆ ರಸ್ತೆ ಸುತ್ತಿ, ಒಕ್ಕಲೆಬ್ಬಿಸಿದ ಜನ ಹೆಂಡತಿ ಮಕ್ಕಳು ಕುರಿಮೇಕೆ ಕಟ್ಟಿಕೊಂಡು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲೆಯುವುದನ್ನು ನೋಡಿದ, ಮಾತಾಡಿಸಿದ, ಹೆಸರು ಕೇಳಿ ಬರೆದುಕೊಂಡ. 1914ರಲ್ಲಿ ನಿಯೋಗದ ಜೊತೆ ಲಂಡನ್ನಿಗೆ ಹೋದ. ಬ್ರಿಟಿಷ್ ಸರ್ಕಾರ ಕೈ ಚೆಲ್ಲಿತು. ಉಳಿದವರು ವಾಪಸು ಬಂದರು, ಇವನು ಅಲ್ಲೇ ಉಳಿದು ಬರೆದ. 1916ರಲ್ಲಿ 'ನೇಟಿವ್ ಲೈಫ್ ಇನ್ ಸೌತ್ ಆಫ್ರಿಕಾ' ಲಂಡನ್ನಿನಲ್ಲೇ ಅಚ್ಚಾಯಿತು.

ಆ ಪುಸ್ತಕದಲ್ಲಿ ಕೋಬಾಡಿ ಎಂಬ ಮನೆತನದ ಕತೆ ಬರುತ್ತದೆ. ಒಕ್ಕಲೆಬ್ಬಿಸಿದಾಗ ಅವರ ಕೂಸಿಗೆ ಕಾಯಿಲೆ. ಗಾಡಿಯಲ್ಲಿ, ಚಳಿಯಲ್ಲಿ, ದಾರಿಯ ಮೇಲೆ ಕೂಸು ತೀರಿಕೊಂಡಿತು. ಮಣ್ಣು ಮಾಡುವುದು ಎಲ್ಲಿ? ಆ ಕಾಯಿದೆಯ ಪ್ರಕಾರ ಅವರದು ಅನ್ನುವ ಒಂದು ಗೇಣು ನೆಲ ಇಲ್ಲ. ರಾತ್ರಿ ಕತ್ತಲಾಗುವ ತನಕ ಕಾದು, ಜಮೀನಿನ ಒಡೆಯ ಎಲ್ಲಿ ಬಂದಾನೋ ಅಂತ ಹೆದರಿಕೊಂಡು, ಕದ್ದ ಜಾಗದಲ್ಲಿ ಕದ್ದು ಗುಂಡಿ ತೋಡಿ ಮುಚ್ಚಿದರು. ಗಲ್ಲಿಗೇರಿಸಿದ ಅಪರಾಧಿಗೂ ಸಿಗುವ ಆರಡಿ ನೆಲ ಈ ಕೂಸಿಗೆ ಸಿಗಲಿಲ್ಲವಲ್ಲ ಅಂತ ಪ್ಲಾಟ್ಯೆ ನೊಂದು ಬರೆಯುತ್ತಾನೆ.

ಗೆಳೆಯರೇ, ಇದನ್ನು ಓದಿದ ದಿನ ನಾವು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕೂತಿದ್ದೆವು. ನಮ್ಮ ಕೇರಿಯಲ್ಲಿ ಒಬ್ಬಳು ಅಜ್ಜಿ ತೀರಿಕೊಂಡಾಗ ಗುಂಡುತೋಪಿನ ಕಡೆ ಹೋಗುವ ದಾರಿಗೆ ಹೊಲದವರು ಮುಳ್ಳು ಹಾಕಿಸಿದ್ದರು. ಬೆಳಗ್ಗೆ ಸತ್ತವಳನ್ನು ಸಾಯಂಕಾಲದವರೆಗೆ ಚಟ್ಟದ ಮೇಲೆ ಇಟ್ಟುಕೊಂಡು ದೊಡ್ಡವರು ಕೈಮುಗಿದುಕೊಂಡು ನಿಂತಿದ್ದರು. ನಮಗೆ ಆಗ ಹತ್ತು ಹನ್ನೊಂದು ವಯಸ್ಸು. ಕೊನೆಗೆ ಕೆರೆಯ ಏರಿ ಸುತ್ತಿಕೊಂಡು ಲಾಟೀನು ಹಿಡಿದು ಹೋದದ್ದು ನೆನಪಿದೆ. ಅದನ್ನು ಯಾರೂ ಬರೆಯಲಿಲ್ಲ. ನಾವೂ ಬರೆಯಲಿಲ್ಲ. ಬಿ.ಎ. ಮುಗಿಸಿದ್ದೆವು, ಕವನ ಬರೆಯುತ್ತಿದ್ದೆವು, ಬೆಳದಿಂಗಳ ಬಗ್ಗೆ ಕೂಡ ಬರೆದಿದ್ದೆವು. ಆ ಲಾಟೀನಿನ ಬೆಳಕಿನ ಬಗ್ಗೆ ಬರೆಯಬಹುದು ಅಂತ ನಮಗೆ ಹೊಳೆದದ್ದು ಸಾವಿರಾರು ಮೈಲಿ ದೂರದ ಒಬ್ಬ ತಂತಿ ಹಂಚುವವನ ಪುಸ್ತಕ ಓದಿದ ಮೇಲೆ.

ಇಷ್ಟು ಹೇಳಿ ಒಂದು ಎಚ್ಚರದ ಮಾತನ್ನೂ ಹೇಳಬೇಕು. ಅಲ್ಲಿನದೂ ಇಲ್ಲಿನದೂ ಒಂದೇ ಅಲ್ಲ. ನಮ್ಮ ಕೇರಿಗೆ ಯಾವ ಹಡಗೂ ಬರಲಿಲ್ಲ. ನಮ್ಮನ್ನು ಊರಾಚೆ ಇಟ್ಟವನು ನಮ್ಮದೇ ಭಾಷೆ ಆಡುವವನು, ನಮ್ಮದೇ ಜಾತ್ರೆಯ ತೇರು ಎಳೆಯುವವನು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಎರಡೂ ಅರ್ಥವಾಗುವುದಿಲ್ಲ. ಆದರೂ ಒಂದು ನಿಜವಾದ ಕೊಂಡಿ ಇದೆ. ಕೇಪ್‌ಗೆ ಡಚ್ಚರು ಹಿಡಿದು ತಂದ ಗುಲಾಮರಲ್ಲಿ ಬಂಗಾಳದವರು, ಮಲಬಾರಿನವರು, ಕೋರಮಂಡಲ ತೀರದವರು ಇದ್ದರು. 1860ರಿಂದ ನೆಟಾಲಿನ ಕಬ್ಬಿನ ತೋಟಗಳಿಗೆ ಮದ್ರಾಸಿನಿಂದ ಕೂಲಿಗಳನ್ನು ಹಡಗಿಗೆ ತುಂಬಿಸಿ ಕಳಿಸಿದರು. ಆ ಹಡಗಿನ ಪಟ್ಟಿಗಳಲ್ಲಿ ಹೆಸರಿನ ಪಕ್ಕ ಜಾತಿ ಬರೆಯುವ ಕಲಮು ಕೂಡ ಇತ್ತು. ಎಷ್ಟೋ ಹೆಸರುಗಳ ಪಕ್ಕ 'ಪರಯ' ಅಂತ ಬರೆದಿದೆ. ನಮ್ಮ ಜನ ಸಮುದ್ರ ದಾಟಿದರೂ ಜಾತಿ ಅವರ ಜೊತೆ ಟಿಕೇಟಿಲ್ಲದೆ ದಾಟಿತು.

ಈಗ ನಾಲಗೆಯ ವಿಷಯ. ನಮ್ಮಲ್ಲಿ ಹಾಸ್ಟೆಲ್ ಹುಡುಗರು ದಿನಾ ಜಗಳ ಆಡುವ ವಿಷಯ ಇದು: ಕನ್ನಡವೋ, ಇಂಗ್ಲಿಷೋ?

ದಕ್ಷಿಣ ಆಫ್ರಿಕಾದ ಬಿಳಿಯರ ಒಂದು ಭಾಷೆ ಆಫ್ರಿಕಾನ್ಸ್. ನಮ್ಮ ರಕ್ತದ ಭಾಷೆ, ದೇವರು ಕೊಟ್ಟ ಭಾಷೆ ಅಂತ ಅವರ ಅಭಿಮಾನ. ಆದರೆ ಅದು ಹುಟ್ಟಿದ್ದು ಎಲ್ಲಿ? ಡಚ್ಚರ ಮಾತು ಗುಲಾಮರ ಬಾಯಲ್ಲಿ, ಖೋಯಿಗಳ ಬಾಯಲ್ಲಿ, ದಾದಿಯರ ಬಾಯಲ್ಲಿ ಮುರಿದು ಕೂಡಿ ಹೊಸದಾಯಿತು. ದೊಡ್ಡ ಮನೆಯವರು ಅದನ್ನು ಅಡುಗೆಮನೆ ಭಾಷೆ ಅಂತ ಹೀಯಾಳಿಸುತ್ತಿದ್ದರು. ಕೇಪ್‌ನ ಮುಸ್ಲಿಮರು ತಮ್ಮ ಮದರಸಾಗಳಲ್ಲಿ ಆ ಭಾಷೆಯನ್ನು ಅರಬ್ಬಿ ಅಕ್ಷರದಲ್ಲಿ ಬರೆಯುತ್ತಿದ್ದರು. ಅಬೂಬಕ್ಕರ್ ಎಫೆಂದಿ ಎಂಬ ವಿದ್ವಾಂಸರು ಹಾಗೆ ಬರೆದ ಧರ್ಮಗ್ರಂಥ 1877ರಲ್ಲಿ ಇಸ್ತಾಂಬುಲ್‌ನಲ್ಲಿ ಅಚ್ಚಾಯಿತು. ಗುಲಾಮರು ಹದಮಾಡಿದ ಭಾಷೆಯನ್ನು ಯಜಮಾನ ತನ್ನದು ಅಂತ ಎತ್ತಿಕೊಂಡ. 1925ರಲ್ಲಿ ಅದು ಅಧಿಕೃತ ಭಾಷೆಯೂ ಆಯಿತು. ಕೊನೆಗೆ ಅದನ್ನೇ ಕೋಲು ಮಾಡಿಕೊಂಡು ಗುಲಾಮರ ಮೊಮ್ಮಕ್ಕಳ ಬೆನ್ನಿಗೆ ಬಾರಿಸಿದ.

1953ರಲ್ಲಿ ಬಾಂಟು ಎಜುಕೇಶನ್ ಆಕ್ಟ್ ಬಂತು. ಬಾಂಟು ಮಗುವಿಗೆ ಗಣಿತ ಕಲಿಸಿ ಏನು ಪ್ರಯೋಜನ ಅಂತ ಮಂತ್ರಿ ವೆರ್ವೂರ್ಡ್ ಸಂಸತ್ತಿನಲ್ಲೇ ಕೇಳಿದ. ಕಪ್ಪು ಮಕ್ಕಳಿಗೆ ಕೆಳ ತರಗತಿಗಳಲ್ಲಿ ತಾಯಿನುಡಿಯಲ್ಲೇ ಪಾಠ ಅಂತ ಮಾಡಿದರು. ಕೇಳಲು ಚೆಂದ. ಒಳಗಿನ ಲೆಕ್ಕ ಬೇರೆ. ಜುಲು ಬೇರೆ, ಖೋಸಾ ಬೇರೆ, ಸೋತೊ ಬೇರೆ ಅಂತ ಒಡೆದು ಇಡಬೇಕು, ಹೊರಗಿನ ಲೋಕದ ಪುಸ್ತಕ ಅವರ ಕೈಗೆ ಸಿಗಬಾರದು. ತಾಯಿನುಡಿಯ ಪುಸ್ತಕ ಅಚ್ಚಾಗಬೇಕಾದರೆ ಶಾಲೆಗೆ ಪಠ್ಯ ಆಗಬೇಕು. ಪಠ್ಯ ಆಗಬೇಕಾದರೆ ಸರ್ಕಾರದ ಭಾಷಾ ಮಂಡಳಿ ಒಪ್ಪಬೇಕು. ಹುಡುಗ ಪಟ್ಟಣಕ್ಕೆ ಹೋಗಿ ಕೆಟ್ಟ, ಹಳ್ಳಿಗೆ ಬಂದು ಒಳ್ಳೆಯವನಾದ, ಇಂಥ ಕತೆಗಳಿಗೆ ಮಾತ್ರ ರಹದಾರಿ. ಈ ಶಿಕ್ಷಣವನ್ನು ವಿರೋಧಿಸಿದ್ದಕ್ಕೆ ಎಸ್ಕಿಯಾ ಎಂಫಾಹ್ಲೆಲೆ ಎಂಬ ಮೇಷ್ಟ್ರ ಕೆಲಸ 1952ರಲ್ಲೇ ಹೋಯಿತು. ಅವರು ದೇಶ ಬಿಟ್ಟು, 1959ರಲ್ಲಿ 'ಡೌನ್ ಸೆಕೆಂಡ್ ಅವೆನ್ಯೂ' ಎಂಬ ಆತ್ಮಕತೆಯನ್ನು ಇಂಗ್ಲಿಷಿನಲ್ಲಿ ಬರೆದರು.

ಈಗ ಕೀನ್ಯಾ ನೋಡಿ. ಅಲ್ಲಿ ಗೂಗಿ ವಾ ಥಿಯಾಂಗೊ ಇಂಗ್ಲಿಷಿನಲ್ಲಿ ಬರೆದು ಹೆಸರಾದವರು. 1977ರಲ್ಲಿ ಕಮಿರೀತು ಎಂಬ ಹಳ್ಳಿಯ ರೈತರು ಕೂಲಿಗಳ ಜೊತೆ ಸೇರಿ ಗಿಕುಯು ಭಾಷೆಯಲ್ಲಿ ನಾಟಕ ಆಡಿಸಿದರು. ಇಂಗ್ಲಿಷಿನಲ್ಲಿ ಬರೆಯುವಾಗ ಸುಮ್ಮನಿದ್ದ ಸರ್ಕಾರ, ಜನರ ಭಾಷೆಯಲ್ಲಿ ಆಡಿಸಿದ ಕೂಡಲೇ ಅದೇ ವರ್ಷದ ಕೊನೆಯ ದಿನ ಅವರನ್ನು ಹಿಡಿದು ವಿಚಾರಣೆಯಿಲ್ಲದೆ ಜೈಲಿಗೆ ಹಾಕಿತು. ಅಲ್ಲಿ ಕಕ್ಕಸಿನ ಕಾಗದದ ಮೇಲೆ ಅವರು ಗಿಕುಯು ಕಾದಂಬರಿ ಬರೆದರು. 2025ರ ಮೇ ತಿಂಗಳಲ್ಲಿ ತೀರಿಕೊಂಡರು.

ಹಾಗಾದರೆ ಯಾರು ಸರಿ? ಇಂಗ್ಲಿಷಿಗೆ ಹೋದ ಎಂಫಾಹ್ಲೆಲೆಯೋ, ಇಂಗ್ಲಿಷ್ ಬಿಟ್ಟ ಗೂಗಿಯೋ? ಇಬ್ಬರೂ ಸರಿ ಅಂತ ನಮ್ಮ ಅನಿಸಿಕೆ. ಒಂದು ಕಡೆ ತಾಯಿನುಡಿಯನ್ನೇ ಬೇಲಿ ಮಾಡಿದ್ದರು, ಅವರು ಬೇಲಿ ಹಾರಿದರು. ಇನ್ನೊಂದು ಕಡೆ ಇಂಗ್ಲಿಷೇ ಬೇಲಿಯಾಗಿತ್ತು, ಇವರು ಅದನ್ನು ಹಾರಿದರು. ನಿನ್ನ ಸುತ್ತ ಇರುವ ಬೇಲಿ ಯಾವುದು ಅಂತ ನೋಡಿಕೊಂಡು ಹಾರಬೇಕೇ ಹೊರತು, ಇನ್ನೊಬ್ಬ ಹಾರಿದ ಕಡೆಯೇ ಹಾರಿದರೆ ಕಾಲು ಮುರಿಯುತ್ತದೆ.

ಹಾಸ್ಟೆಲ್ ಹುಡುಗರು ಅಂದೆವಲ್ಲ, ಅದಕ್ಕೊಂದು ಸಂಗತಿ ಹೇಳಲೇಬೇಕು. 1967ರಲ್ಲಿ ಗ್ರಹಾಮ್ಸ್‌ಟೌನಿನ ರೋಡ್ಸ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಗಳ ರಾಷ್ಟ್ರೀಯ ಸಮ್ಮೇಳನ. ನಡೆಸುವವರು ಉದಾರವಾದಿ ಬಿಳಿಯ ಹುಡುಗರು, ವರ್ಣಭೇದ ತಪ್ಪು ಅನ್ನುವವರು. ಆದರೆ ಮಲಗುವ ಹೊತ್ತಿಗೆ ಕಪ್ಪು ಪ್ರತಿನಿಧಿಗಳಿಗೆ ಹಾಸ್ಟೆಲಿನಲ್ಲಿ ಜಾಗ ಇಲ್ಲ. ಊರಾಚೆಯ ಕೇರಿಯ ಚರ್ಚಿನಲ್ಲಿ ಮಲಗಿ ಅಂದರು. ಆ ಹುಡುಗರಲ್ಲಿ ಒಬ್ಬ ಸ್ಟೀವ್ ಬೀಕೊ, ಡರ್ಬನ್ನಿನಲ್ಲಿ ವೈದ್ಯಕೀಯ ಓದುತ್ತಿದ್ದವನು. ಅಲ್ಲಿಂದ ಬಂದ ಮೇಲೆ ಅವನೂ ಗೆಳೆಯರೂ ಸೇರಿ ಸ್ಯಾಸೊ ಎಂಬ ತಮ್ಮದೇ ಸಂಘಟನೆ ಕಟ್ಟಿದರು. ತಮ್ಮದೇ ಕೈಪತ್ರಿಕೆ ಹೊರಡಿಸಿದರು. ಅದರಲ್ಲಿ ಬೀಕೊ 'ಫ್ರಾಂಕ್ ಟಾಕ್' ಎಂಬ ಹೆಸರಿನಲ್ಲಿ ಬರೆದ. ಕಪ್ಪು ಅನ್ನುವುದು ಚರ್ಮದ ಬಣ್ಣವಲ್ಲ, ತುಳಿಸಿಕೊಂಡವರೆಲ್ಲ ಕಪ್ಪು ಜನವೇ, ಇಂಡಿಯನ್ನರೂ ಮಿಶ್ರ ಜನಾಂಗದವರೂ ಸೇರಿ, ಅಂತ ಹೇಳಿದ. 1973ರಲ್ಲಿ ಸರ್ಕಾರ ಅವನ ಮೇಲೆ ನಿಷೇಧ ಹಾಕಿ ಊರು ಬಿಟ್ಟು ಅಲ್ಲಾಡದ ಹಾಗೆ ಮಾಡಿತು. 1977ರ ಸೆಪ್ಟೆಂಬರ್ 12ರಂದು ಪೊಲೀಸರ ಕೈಯಲ್ಲಿ ಹೊಡೆತ ತಿಂದು ಸತ್ತಾಗ ಅವನಿಗೆ 30 ವರ್ಷ.

ಅದಕ್ಕೂ ಒಂದು ವರ್ಷ ಮುಂಚೆ, 1976ರ ಜೂನ್ 16ರಂದು, ಸೊವೆಟೊದ ಶಾಲಾ ಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಬೀದಿಗೆ ಬಂದರು. ಗಣಿತ, ಸಮಾಜ ಪಾಠಗಳನ್ನು ಆಫ್ರಿಕಾನ್ಸ್‌ನಲ್ಲೇ ಕಲಿಯಬೇಕು ಅನ್ನುವ ಆಜ್ಞೆ ಬೇಡ ಅಂತ. ಪೊಲೀಸರು ಗುಂಡು ಹಾರಿಸಿದರು. ಹೆಕ್ಟರ್ ಪೀಟರ್ಸನ್ ಎಂಬ 12 ವರ್ಷದ ಹುಡುಗನನ್ನು ಇನ್ನೊಬ್ಬ ಹುಡುಗ ಎತ್ತಿಕೊಂಡು ಓಡುವ ಚಿತ್ರ ನೀವೂ ನೋಡಿರಬಹುದು. ಅದನ್ನು ತೆಗೆದವರು ಸ್ಯಾಮ್ ಎನ್ಜಿಮಾ. ಮುಂದಿನ ತಿಂಗಳುಗಳಲ್ಲಿ ದೇಶದ ಉದ್ದಗಲಕ್ಕೂ ನೂರಾರು ಜನ ಸತ್ತರು. ಭಾಷೆ ಅನ್ನುವುದು ಪರೀಕ್ಷೆಯ ಪ್ರಶ್ನೆಪತ್ರಿಕೆಯ ವಿಷಯ ಮಾತ್ರ ಅಲ್ಲ ಅಂತ ಆ ಮಕ್ಕಳು ತೋರಿಸಿಕೊಟ್ಟರು.

ಇನ್ನು ಮೂರನೆಯದು, ಅಚ್ಚುಮೊಳೆ. ಅಚ್ಚು ಯಾರ ಕೈಯಲ್ಲಿದೆ?

ಮೊದಮೊದಲು ಪಾದ್ರಿಗಳ ಕೈಯಲ್ಲಿತ್ತು. ಅಕ್ಷರ ಕೊಟ್ಟವರು ಅವರು, ಅದನ್ನು ಮರೆಯಬಾರದು. ಆದರೆ ಅಕ್ಷರದ ಜೊತೆ ಕತ್ತರಿಯನ್ನೂ ಇಟ್ಟುಕೊಂಡಿದ್ದರು. ಪಕ್ಕದ ಲೆಸೊಥೊದಲ್ಲಿ ಥಾಮಸ್ ಮೊಫೊಲೊ ಸೆಸೊತೊ ಭಾಷೆಯಲ್ಲಿ 'ಚಾಕಾ' ಕಾದಂಬರಿ ಬರೆದು 1910ರ ಸುಮಾರಿಗೆ ಮಿಷನ್ ಪ್ರೆಸ್ಸಿಗೆ ಕೊಟ್ಟರೆ ಅದು ಅಚ್ಚಾದದ್ದು 1925ರಲ್ಲಿ. ಪ್ಲಾಟ್ಯೆ 1920ರ ಹೊತ್ತಿಗೆ ಬರೆದು ಮುಗಿಸಿದ 'ಮ್ಹೂಡಿ' ಎಂಬ ಕಾದಂಬರಿಯನ್ನು ಮಿಷನ್ ಪ್ರೆಸ್ 1930ರಲ್ಲಿ ತಂದಿತು. ದಕ್ಷಿಣ ಆಫ್ರಿಕಾದ ಕಪ್ಪು ಮನುಷ್ಯನೊಬ್ಬ ಇಂಗ್ಲಿಷಿನಲ್ಲಿ ಬರೆದ ಮೊದಲ ದೊಡ್ಡ ಕಾದಂಬರಿ ಅದು. ಅದರ ನಾಯಕಿ ಒಬ್ಬ ಹೆಂಗಸು. ಮೂಲ ಬೆರಳಚ್ಚು ಪ್ರತಿ 1970ರ ದಶಕದಲ್ಲಿ ಸಿಕ್ಕಾಗ, ಅಚ್ಚಾದದ್ದಕ್ಕೂ ಮೂಲಕ್ಕೂ ಬಹಳ ವ್ಯತ್ಯಾಸ ಕಂಡಿತು. ಅದೇ 1920ರ ದಶಕದಲ್ಲಿ ನೊಂಟ್ಸಿಜಿ ಎಂಗ್‌ಕ್ವೆಥೊ ಎಂಬ ಹೆಂಗಸು, ಗಂಡಸರದೇ ಆಗಿದ್ದ ಹಾಡುಗಬ್ಬದ ಪಟ್ಟವನ್ನು ಕಸಿದುಕೊಂಡವಳ ಹಾಗೆ, ಖೋಸಾ ಭಾಷೆಯಲ್ಲಿ ಕವನಗಳನ್ನು ಬರೆದಳು. ಅಚ್ಚಾದದ್ದು ಎಲ್ಲಿ? ಗಣಿ ಮಾಲೀಕರ ಮಂಡಳಿ ದುಡ್ಡು ಹಾಕಿ ನಡೆಸುತ್ತಿದ್ದ ಪತ್ರಿಕೆಯಲ್ಲಿ. ಹತ್ತು ವರ್ಷ ಬರೆದು ಅವಳು ಕಾಣದಾದಳು. ಅವಳ ಕವನಗಳೆಲ್ಲ ಒಟ್ಟಾಗಿ ಪುಸ್ತಕವಾದದ್ದು 2007ರಲ್ಲಿ.

ಆಮೇಲೆ 1951ರಲ್ಲಿ 'ಡ್ರಮ್' ಪತ್ರಿಕೆ ಬಂತು. ಒಡೆಯ ಗಣಿ ಕುಬೇರನ ಮಗ. ಬರೆಯುವವರು ಕಪ್ಪು ಹುಡುಗರು. ಅವರಲ್ಲಿ ಹೆನ್ರಿ ನ್ಕ್ಸುಮಾಲೊ ಅನ್ನುವವರು ಬೆಥಾಲ್ ಎಂಬಲ್ಲಿನ ಆಲೂಗಡ್ಡೆ ತೋಟಗಳಿಗೆ ಹೋಗಿ, ಗೋಣಿಚೀಲಕ್ಕೆ ತೂತು ಮಾಡಿ ಮೈಗೆ ಹಾಕಿಕೊಂಡು ದುಡಿಯುವ ಕೂಲಿಗಳ ಬಗ್ಗೆ ಬರೆದರು. ಜೈಲಿನೊಳಗೆ ಏನಾಗುತ್ತದೆ ತಿಳಿಯಬೇಕೆಂದು ಬೇಕೆಂದೇ ಪಾಸ್ ಇಲ್ಲದೆ ಬೀದಿ ಸುತ್ತಿ ಪೊಲೀಸರ ಕೈಗೆ ಸಿಕ್ಕಿಬಿದ್ದರು. 1954ರಲ್ಲಿ ಆ ಜೈಲಿನ ವರದಿ ಬಂತು. 1956ರ ಕೊನೆಯ ರಾತ್ರಿ ಅವರನ್ನು ಯಾರೋ ಇರಿದು ಕೊಂದರು. ಈ ಬರಹಗಾರರ ನೆಲೆಯಾಗಿದ್ದ ಸೋಫಿಯಾಟೌನ್ ಎಂಬ ಬಡಾವಣೆಯನ್ನು 1955ರಿಂದ ಕೆಡವಿ, ಬಿಳಿಯರಿಗೆ ಮನೆ ಕಟ್ಟಿ, ಅದಕ್ಕೆ ಟ್ರಿಯೋಮ್ಫ್, ಅಂದರೆ 'ವಿಜಯ' ಅಂತ ಹೆಸರಿಟ್ಟರು. ಹಳೆಯ ಹೆಸರು ವಾಪಸು ಬಂದದ್ದು 2006ರಲ್ಲಿ.

ಮಿರಿಯಮ್ ತ್ಲಾಲಿ ಜೋಹಾನ್ಸ್‌ಬರ್ಗಿನ ಕಂತಿನ ಅಂಗಡಿಯೊಂದರಲ್ಲಿ ಗುಮಾಸ್ತೆ. ರೇಡಿಯೋ, ಮಂಚ ಕುರ್ಚಿಗಳನ್ನು ಕಂತಿಗೆ ಕೊಂಡು ಸಾಲದಲ್ಲಿ ಮುಳುಗುವ ತನ್ನ ಜನರನ್ನು ದಿನವೂ ಕೌಂಟರಿನ ಹಿಂದಿನಿಂದ ನೋಡುತ್ತಿದ್ದಳು. ಆಡಳಿತದ ಬಿಳಿಯ ಹೆಂಗಸರು ಬಳಸುವ ಕಕ್ಕಸು ಅವಳಿಗಿಲ್ಲ. ಅದನ್ನೇ ಕಾದಂಬರಿ ಮಾಡಿದಳು. ವರ್ಷಗಟ್ಟಲೆ ಪ್ರಕಾಶಕರು ಮುಟ್ಟಲಿಲ್ಲ. 1975ರಲ್ಲಿ ಕತ್ತರಿಸಿ ಪ್ರಕಟಿಸಿದರು, ಹೆಸರನ್ನೂ ಬದಲಾಯಿಸಿದರು. 'ಮ್ಯೂರಿಯಲ್ ಅಟ್ ಮೆಟ್ರೊಪಾಲಿಟನ್' ಅಂತ ಹೆಸರು. 1979ರಲ್ಲಿ ಸರ್ಕಾರ ಅದನ್ನೂ ನಿಷೇಧಿಸಿತು. ಅವಳೇ ಇಟ್ಟಿದ್ದ ಹೆಸರಿನಲ್ಲಿ ಪುಸ್ತಕ ಬಂದದ್ದು 2004ರಲ್ಲಿ.

ಇಂಥ ಪಾಡು ಪಟ್ಟ ಮೇಲೆ, 1978ರಲ್ಲಿ 'ಸ್ಟಾಫ್‌ರೈಡರ್' ಎಂಬ ಪತ್ರಿಕೆ ಶುರುವಾಯಿತು. ತುಂಬಿದ ರೈಲಿನ ಹೊರಗೆ ನೇತಾಡಿಕೊಂಡು, ಚಾವಣಿ ಹತ್ತಿಕೊಂಡು ಹೋಗುವ ಕೇರಿಯ ಪಡ್ಡೆ ಹುಡುಗರನ್ನು ಹಾಗೆ ಕರೆಯುತ್ತಿದ್ದರು. ಬರೆಯುವವರು ಕೇರಿ ಕೇರಿಗಳ ಬರಹಗಾರರ ಗುಂಪುಗಳು. ಬರಹದ ಪಕ್ಕ ಊರಿನ, ಗುಂಪಿನ ಹೆಸರು ಇರುತ್ತಿತ್ತು. ಮೇಲೆ ಕೂತು ತಿದ್ದುವ ಪಂಡಿತ ಇಲ್ಲ, ಗುಂಪೇ ಆರಿಸಿ ಕಳಿಸಬೇಕು. ಮಾರುವವರೂ ಅವರೇ, ರೈಲಿನಲ್ಲಿ, ಬೀದಿಯಲ್ಲಿ, ಸಭೆಯಲ್ಲಿ. ಮೊದಲ ಸಂಚಿಕೆಯನ್ನೇ ಸರ್ಕಾರ ನಿಷೇಧಿಸಿತು. ಆದರೂ 1990ರ ದಶಕದವರೆಗೆ ಬಂತು. ಡರ್ಬನ್ನಿನ ಟೈರು ಕಾರ್ಖಾನೆಯಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ ಆಲ್ಫ್ರೆಡ್ ಖಾಬುಲ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಹಿಂದೆ ರಾಜರನ್ನು ಹೊಗಳಲು ಹಾಡುತ್ತಿದ್ದ ಜುಲು ಧಾಟಿಯಲ್ಲಿ 1984ರಲ್ಲಿ ಕಾರ್ಮಿಕ ಸಂಘವನ್ನು ಹೊಗಳಿ ಹಾಡು ಕಟ್ಟಿ ಸಾವಿರಾರು ಜನರ ಸಭೆಯಲ್ಲಿ ಹಾಡಿದ. ಅವನಿಗೆ ಅಚ್ಚಿನ ಹಂಗೇ ಇರಲಿಲ್ಲ.

ತೆತ್ತ ಬೆಲೆಯನ್ನೂ ಹೇಳಬೇಕು. 1966ರಲ್ಲಿ ಸರ್ಕಾರ ದೇಶ ಬಿಟ್ಟುಹೋಗಿದ್ದ ಬರಹಗಾರರ ಪಟ್ಟಿ ಮಾಡಿ, ಇವರ ಒಂದು ಸಾಲನ್ನೂ ಯಾರೂ ಉದ್ಧರಿಸಬಾರದು ಅಂತ ಆಜ್ಞೆ ಮಾಡಿತು. ಒಂದು ತಲೆಮಾರಿನ ಹುಡುಗರು ತಮ್ಮ ಅಣ್ಣಂದಿರ ಪುಸ್ತಕ ಓದದೆ ಬೆಳೆದರು. ನ್ಯಾಟ್ ನಕಾಸಾ ಎಂಬ ಪತ್ರಕರ್ತ ಅಮೆರಿಕದಲ್ಲಿ ಓದಲು ಹೊರಟಾಗ ಪಾಸ್‌ಪೋರ್ಟ್ ಕೊಡಲಿಲ್ಲ, ಮತ್ತೆ ಕಾಲಿಡುವುದಿಲ್ಲ ಅನ್ನುವ ಷರತ್ತಿನ ಮೇಲೆ ಬಿಟ್ಟರು. 1965ರಲ್ಲಿ ನ್ಯೂಯಾರ್ಕಿನ ಕಟ್ಟಡವೊಂದರ ಕಿಟಕಿಯಿಂದ ಬಿದ್ದು ಸತ್ತ. 28 ವರ್ಷ. ಅವನ ಮೂಳೆಗಳು ಡರ್ಬನ್ನಿನ ಮಣ್ಣಿಗೆ ಬಂದದ್ದು 2014ರಲ್ಲಿ. ಬಿಳಿಯರಲ್ಲಿ ಎದ್ದುನಿಂತವರೂ ಇದ್ದರು, ಅವರನ್ನು ಬಿಟ್ಟರೆ ತಪ್ಪಾಗುತ್ತದೆ. ಬ್ರೇಟನ್ ಬ್ರೇಟನ್‌ಬಾಕ್ ಎಂಬ ಆಫ್ರಿಕಾನ್ಸ್ ಕವಿ 1975ರಿಂದ ಏಳು ವರ್ಷ ಜೈಲಿನಲ್ಲಿದ್ದ. ನಡೀನ್ ಗಾರ್ಡಿಮರ್ ಅವರ ಮೂರು ಕಾದಂಬರಿಗಳನ್ನು ನಿಷೇಧಿಸಿದರು. ಆದರೆ ಬಿಳಿಯ ಬರಹಗಾರರ ಪುಸ್ತಕ ನಿಷೇಧವಾದರೆ ಲೋಕವೆಲ್ಲ ಕೂಗುತ್ತಿತ್ತು. ಕೇರಿಯ ಹುಡುಗನ ಪದ್ಯ ನಿಷೇಧವಾದರೆ ಅವನ ಅವ್ವನಿಗೆ ಮಾತ್ರ ಗೊತ್ತಾಗುತ್ತಿತ್ತು.

ಕೊನೆಯದಾಗಿ ಅವರು ತಮ್ಮತಮ್ಮಲ್ಲೇ ಆಡಿದ ಜಗಳ. ಇದನ್ನು ನಾವು ಕಿವಿಗೊಟ್ಟು ಕೇಳಬೇಕು. 1984ರಲ್ಲಿ ನ್ಜಬುಲೊ ನ್ಡೆಬೆಲೆ ಎಂಬ ಕಪ್ಪು ಕತೆಗಾರರು ಹೇಳಿದ ಮಾತಿನ ಸಾರ ಇಷ್ಟು: ನಮ್ಮ ಕತೆಗಳಲ್ಲಿ ಬಿಳಿಯ ಯಾವಾಗಲೂ ಹೊಡೆಯುತ್ತಾನೆ, ಕರಿಯ ಯಾವಾಗಲೂ ಹೊಡೆಸಿಕೊಳ್ಳುತ್ತಾನೆ. ಓದುವವನಿಗೆ ಇದು ಮೊದಲೇ ಗೊತ್ತು. ಅವನಿಗೆ ಗೊತ್ತಿಲ್ಲದ್ದು ತನ್ನ ಜನ ಆ ನರಕದಲ್ಲೂ ಹೇಗೆ ಯೋಚಿಸಿದರು, ಹೇಗೆ ಪ್ರೀತಿಸಿದರು, ಹೇಗೆ ಸಂಸಾರ ತೂಗಿಸಿದರು ಅನ್ನುವುದು. ಆ ಸಾಮಾನ್ಯ ಬದುಕನ್ನು ಬರೆಯದಿದ್ದರೆ ನಾವೇ ನಮ್ಮ ಜನರನ್ನು ಬರೀ ಗಾಯ ಮಾಡಿಬಿಡುತ್ತೇವೆ. ಇನ್ನೊಬ್ಬರು ಆಲ್ಬಿ ಸಾಕ್ಸ್. 1988ರಲ್ಲಿ ಸರ್ಕಾರದ ಬಾಂಬಿಗೆ ಒಂದು ಕೈ ಕಳೆದುಕೊಂಡ ಹೋರಾಟಗಾರ. ಮರುವರ್ಷ ತಮ್ಮದೇ ಸಂಗಾತಿಗಳ ಮುಂದೆ, ಸಂಸ್ಕೃತಿ ಅನ್ನುವುದು ಹೋರಾಟದ ಆಯುಧ ಅನ್ನುವ ಮಾತನ್ನು ಐದು ವರ್ಷ ನಿಲ್ಲಿಸೋಣ ಅಂದರು. ಬಹಳ ಜನ ಸಿಟ್ಟಾದರು. ನಮಗೂ ಮೊದಲು ಓದಿದಾಗ ಸಿಟ್ಟು ಬಂತು. ಆಮೇಲೆ ನಮ್ಮದೇ ಕವನಗಳನ್ನು ತೆಗೆದು ನೋಡಿದೆವು. ಹನ್ನೆರಡು ಕವನ. ಹನ್ನೆರಡರಲ್ಲೂ ಬೆಂಕಿ ಇದೆ. ಒಂದರಲ್ಲೂ ನಮ್ಮ ಅವ್ವ ಇಲ್ಲ. ಅಜ್ಜಿಯ ಚಟ್ಟ ಇಲ್ಲ, ಲಾಟೀನು ಇಲ್ಲ. ಕೂಗು ಬೇಡ ಅಂತ ಅಲ್ಲ. ಯಾರ ಪರವಾಗಿ ಕೂಗುತ್ತಿದ್ದೇವೋ ಅವರ ಮುಖ ನಮ್ಮ ಬರಹದಲ್ಲಿ ಕಾಣಬೇಕು.

1994ರಲ್ಲಿ ಅಲ್ಲಿ ವರ್ಣಭೇದದ ಆಡಳಿತ ಹೋಯಿತು, ಎಲ್ಲರೂ ವೋಟು ಹಾಕಿದರು. ನೆಲ ಬಂತಾ? ಅಲ್ಲಿನ ಸರ್ಕಾರವೇ 2017ರಲ್ಲಿ ಲೆಕ್ಕ ತೆಗೆಯಿತು. ಖಾಸಗಿ ವ್ಯಕ್ತಿಗಳ ಹೆಸರಿನಲ್ಲಿರುವ ಜಮೀನಿನಲ್ಲಿ ನೂರಕ್ಕೆ 72 ಬಿಳಿಯರದು, ಕಪ್ಪು ಆಫ್ರಿಕನ್ನರದು 4. ಪ್ಲಾಟ್ಯೆಯ ಸೈಕಲ್ ಇನ್ನೂ ನಿಂತಿಲ್ಲ. ಆದರೆ ಆ ನೆಲ ಖಾಲಿಯಿತ್ತು ಅಂತ ಹೇಳುವ ಧೈರ್ಯ ಈಗ ಅಷ್ಟು ಸುಲಭವಾಗಿ ಯಾರಿಗೂ ಇಲ್ಲ. ಆ ರಸೀದಿ ಸುಳ್ಳು ಅಂತ ಸಾಬೀತಾಗಿದೆ. ಅಷ್ಟನ್ನು ಬರಹಗಾರರು ಮಾಡಿದರು. ಮಿಕ್ಕದ್ದನ್ನು ಬರಹ ಒಂದೇ ಮಾಡಲಾರದು.

ನಮ್ಮಲ್ಲೂ 1973ರ ನವೆಂಬರ್‌ನಲ್ಲಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದಾಗ ಏನಾಯಿತು ಅಂತ ಹಿರಿಯರನ್ನು ಕೇಳಿ. ಹಾಸ್ಟೆಲುಗಳಿಗೆ ನುಗ್ಗಿ ಹುಡುಗರನ್ನು ಹೊಡೆದರು. ಅವರು ಮಂತ್ರಿಗಿರಿ ಬಿಡಬೇಕಾಯಿತು. ಒಂದು ಪುಸ್ತಕದ ಬಗ್ಗೆ ಆಡಿದ ಮಾತಿಗೆ ಹಾಸ್ಟೆಲ್ ಹುಡುಗನ ಬೆನ್ನು ಮುರಿಯುತ್ತದೆ ಅಂದರೆ, ಸಾಹಿತ್ಯಕ್ಕೂ ನಮಗೂ ಸಂಬಂಧ ಇಲ್ಲ ಅಂತ ಹೇಗೆ ಹೇಳುವುದು?

ಈಗ, ತಮ್ಮಾ, ನಿನ್ನ ಪ್ರಶ್ನೆಗೆ ಬರ್ತೀವಿ. ಅನ್ನದಲ್ಲಿ ಹುಳ ಇರುವಾಗ ಆಫ್ರಿಕಾ ಯಾಕೆ ಅಂದೆ. ಪ್ಲಾಟ್ಯೆ ಏನು ಮಾಡಿದ? ಹೋಗಿ ನೋಡಿದ, ಹೆಸರು ಬರೆದುಕೊಂಡ, ತಾರೀಖು ಹಾಕಿದ. ನ್ಕ್ಸುಮಾಲೊ ಏನು ಮಾಡಿದ? ಒಳಗೆ ಹೋಗಿ ಕಂಡದ್ದನ್ನು ಬರೆದ. ನೀನೂ ಇವತ್ತು ರಾತ್ರಿಯಿಂದ ಒಂದು ನೋಟ್‌ಬುಕ್ಕು ಇಡು. ಯಾವ ದಿನ ಯಾವ ಹೊತ್ತಿನ ಅನ್ನದಲ್ಲಿ ಹುಳ ಬಂತು, ಎಷ್ಟು ಜನ ಊಟ ಬಿಟ್ಟರು, ಸ್ಕಾಲರ್‌ಶಿಪ್ಪು ಎಷ್ಟು ಬರಬೇಕು, ಎಷ್ಟು ಬಂತು, ಕೇಳಲು ಹೋದಾಗ ಏನಂದರು, ಎಲ್ಲ ಬರಿ. ಜೊತೆಗೆ ಮಲಗುವ ಮುಂಚೆ ಗೆಳೆಯರು ಏನು ಹಾಡಿದರು, ಊರಿಂದ ಬಂದ ಅಪ್ಪ ಗೇಟಿನ ಹೊರಗೆ ಎಷ್ಟು ಹೊತ್ತು ನಿಂತಿದ್ದ, ರೊಟ್ಟಿ ಗಂಟನ್ನು ಹೇಗೆ ಬಿಚ್ಚಿದ, ಅದನ್ನೂ ಬರಿ. ಕನ್ನಡದಲ್ಲಾದರೂ ಬರಿ, ನಿಮ್ಮೂರ ಮಾತಿನಲ್ಲಾದರೂ ಬರಿ. ಯಾರೂ ಅಚ್ಚು ಹಾಕದಿದ್ದರೆ ಈ ಕೈಪತ್ರಿಕೆ ಇದೆ. ಮಸಿ ಕೈಗೆ ಮೆತ್ತಿಕೊಳ್ಳುತ್ತದೆ, ಅಕ್ಷರ ಅಲ್ಲಲ್ಲಿ ಅಳಿಸಿರುತ್ತದೆ, ಅದಕ್ಕೆ ನಾಚಿಕೆ ಬೇಡ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ನಿನಗೆ ಬಿಟ್ಟಿರುತ್ತೇವೆ. ಅಜ್ಜಿಯ ವಿಷಯ ನಾವು ಬರೆಯುತ್ತೇವೆ. ಎರಡೂ ಅಕ್ಕಪಕ್ಕ ಬರಲಿ.

ಬರೆದದ್ದನ್ನು ಮಾರುವ ಕೆಲಸ ಮಾತ್ರ ನಾವೆಲ್ಲ ಸೇರಿ ಮಾಡಬೇಕು. ಇವತ್ತು ಬಾಗಿಲ ಹತ್ತಿರ ಪ್ರತಿಗಳು ಇವೆ. ತಲಾ ಐದು ತೆಗೆದುಕೊಂಡು ಹೋಗಿ.

ಜೈ ಭೀಮ್.